ಜಟ್ಟೆಪ್ಪ ಮಾವನ ಆಯೇರಿ, ಎರಡನೇ ಸಲ

ರಾವೂರಿನ ಅಣವೀರನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ. ಆದರೆ ವಾಡಿ, ಚಿತ್ತಾಪುರದ ಕಡೆ ಈಚೆಗೆ ಯಾವುದಾದರೂ ಮದುವೆಗೆ ಹೋಗಿದ್ದರೆ ಅವನ ಬೆನ್ನನ್ನಂತೂ ನೋಡಿರುತ್ತೀರಿ. ಅಕ್ಷತೆ ಹಿಡಿದು ನಿಂತವರಿಗೆ ಮದುಮಕ್ಕಳು ಕಾಣದ ಹಾಗೆ ಒಂದು ಬೆನ್ನು ಅಡ್ಡ ನಿಂತಿರುತ್ತದಲ್ಲ, ಆ ಬೆನ್ನು ಅವನದು.

ಉಳಿದ ದಿನಗಳಲ್ಲಿ ಅವನು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಕೂಲಿ. ಪಾಳಿ ಮುಗಿಸಿ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿ, ಬೆಳಿಗ್ಗೆ ಹೋದ ಮಗ ಸಂಜೆಗೆ ಅಜ್ಜನಾಗಿ ಬಂದಂತೆ ಕಾಣುತ್ತಿದ್ದ. ಮುಹೂರ್ತವಿದ್ದ ದಿನ ಮಾತ್ರ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ವಿಡಿಯೋದವನಾಗುತ್ತಿದ್ದ. ‘ಅಣವೀರ ಫಿಲ್ಮ್ಸ್, ರಾವೂರ’ ಎಂದು ಕಾರ್ಡು ಅಚ್ಚು ಹಾಕಿಸಿದಾಗ ಅವನ ಹತ್ತಿರ ಸ್ವಂತದ ಕ್ಯಾಮೆರಾ ಇರಲಿಲ್ಲ. ಕ್ಯಾಮೆರಾ ಆಮೇಲೆ ತೆಗೆದುಕೊಂಡರಾಯಿತು, ಈ ಹೆಸರನ್ನು ಬೇರೆ ಯಾರಾದರೂ ಇಟ್ಟುಕೊಂಡುಬಿಟ್ಟರೆ ಎಂಬುದು ಅವನ ಚಿಂತೆ. ರಾವೂರಿನಲ್ಲಿ ಅಣವೀರನೆಂಬ ಹೆಸರಿನವನು ಅವನೊಬ್ಬನೇ.

ವಿದ್ಯೆ ಕಲಿತದ್ದು ಶಹಾಬಾದಿನ ಲಾಲಪ್ಪನ ಕೈಕೆಳಗೆ. ಲಾಲಪ್ಪನದು ಹೆಗಲ ಮೇಲೆ ಹೊರುವ ಹಳೆಯ ಕ್ಯಾಮ್‌ಕಾರ್ಡರ್. ಅದನ್ನು ಹೊತ್ತು ಮಂಟಪಕ್ಕೆ ನುಗ್ಗಿದರೆ ಮಂದಿ ತಾವಾಗಿಯೇ ದಾರಿ ಬಿಡುತ್ತಿದ್ದರು. ಅದರಲ್ಲಿ ಎಲ್ಲವೂ ಕಾಣುತ್ತಿತ್ತು, ಅದೇ ಅಣವೀರನ ತಕರಾರು. ಮದುಮಗಳೂ ಕಾಣುತ್ತಾಳೆ, ಅವಳ ಹಿಂದೆ ಆಕಳಿಸುವ ಮುದುಕನೂ ಕಾಣುತ್ತಾನೆ, ಅದಕ್ಕೂ ಹಿಂದೆ ಗೋಡೆಗೊರಗಿ ಹಲ್ಲು ಚುಚ್ಚಿಕೊಳ್ಳುವವನೂ ಕಾಣುತ್ತಾನೆ. ಡಿಎಸ್‌ಎಲ್‌ಆರ್ ಹಾಗಲ್ಲ. ಮದುಮಗಳೊಬ್ಬಳನ್ನು ಹಿಡಿದು ಉಳಿದ ಲೋಕವನ್ನೆಲ್ಲ ಮಸುಕು ಮಾಡಿಬಿಡುತ್ತದೆ. ಒಂದು ಇಡೀ ಮಳೆಗಾಲ ಅಣವೀರ ಫೋನಿನಲ್ಲಿ ಅದು ಹೆಚ್ಚೋ ಇದು ಹೆಚ್ಚೋ ಎಂಬ ವಿಡಿಯೋಗಳನ್ನೇ ನೋಡಿದ. ಅರ್ಥವಾಗದ ಕಡೆ ತಲೆ ಹೆಚ್ಚು ಆಡಿಸಿದ. ಕೊನೆಗೆ ಶಹಾಬಾದಿಗೆ ಹೋಗಿ ಗುರುವನ್ನೇ ಕೇಳಿದ.

“ಯಾವುದು ತಗೊಳ್ಳಲ್ರಿ ಲಾಲಪ್ಪಣ್ಣ?”

“ನೀ ಮದವಿ ತೆಗಿಯಾಂವೇನು, ಮದಿಮಗಳ ರೆಪ್ಪಿ ತೆಗಿಯಾಂವೇನು?”

“ಅಂದ್ರ?”

“ರೆಪ್ಪಿ ತೆಗಿಬೇಕಂದ್ರ ಅದು ತಗೋ. ಮದವಿ ತೆಗಿಬೇಕಂದ್ರ ಇದು. ಇದಕ್ಕ ಒಮ್ಮಿ ಗುಂಡಿ ಒತ್ತಿ ನಿಲ್ಲಿಸಿದಿ ಅಂದ್ರ ಊಟಾ ಮಾಡಿ, ಎಲಿ ಹಾಕ್ಕೊಂಡು ಬರಬಹುದು, ತನ್ನ ಪಾಡಿಗಿ ತಾ ಓಡತಿರತದ. ನಿಂದು ಅರ್ಧ ತಾಸಿಗಿ ತಾನೇ ಬಂದ್ ಆಗತದ, ಬ್ಯಾಸಗಿ ಇದ್ರ ಜ್ವರಾನೂ ಬರತದ. ಆವಾಜು ಅಂತೂ ಬಾವ್ಯಾಗಿಂದ ಕರದಂಗ.”

“ನಿಮ್ಮದರಾಗ ಎಲ್ಲಾರೂ ಹಳದಿ ಕಾಣತಾರ್ರಿ. ಕಾಮಣಿ ಆದೋರಂಗ.”

“ಮದವ್ಯಾಗ ಹಳದಿ ಕಾಣಲಾರದೆ ಹಸರ ಕಾಣತಾರೇನು?” ಎಂದ ಲಾಲಪ್ಪ.

ಅಣವೀರ ಡಿಎಸ್‌ಎಲ್‌ಆರನ್ನೇ ತಂದ. ಮೊದಲ ಕೆಲವು ಮದುವೆಗಳಲ್ಲಿ ಹುಡುಗ ಹುಡುಗಿಯರು ಅವನನ್ನು ಹೊತ್ತು ಮೆರೆಸುವುದೊಂದು ಬಾಕಿ. ಹಿರಿಯರದು ಮಾತ್ರ ಬೇರೆ ರಾಗ. ಒಬ್ಬ ಅಜ್ಜಿ ಅವನನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು, “ಮೊಮ್ಮಗಳ ಹಿಂದ ನಿಂತಾಕಿ ನಾನು. ನನ್ನ ಮಾರಿ ಯಾಕ ಒರಸೀದಿ? ನಾ ಏನು ಮಾಡಿದ್ದೆ ನಿನಗ?” ಎಂದು ಕೇಳಿದಳು. ಇದು ಈಗಿನ ಸ್ಟೈಲು ಎಂದು ತಿಳಿಸಿ ಹೇಳಿದ. ಅಜ್ಜಿಗೆ ತಿಳಿಯಲಿಲ್ಲ. ಅವಳಿಗೆ ತಿಳಿದದ್ದು ತನಗೆ ತಿಳಿದಿಲ್ಲ ಎಂಬ ಅನುಮಾನವೂ ಆಗ ಅವನಿಗೆ ಬರಲಿಲ್ಲ.

ಹೀಗಿರುವಾಗ ಈ ವೈಶಾಖದಲ್ಲಿ ತಂಗಿ ಪ್ರೀತಿಯ ಮದುವೆ ಬಂತು. ವರ ಚಿಂಚೋಳಿಯವನು, ಮದುವೆ ಚಿತ್ತಾಪುರದ ಕಲ್ಯಾಣ ಮಂಟಪದಲ್ಲಿ. ತಂಗಿಯ ಮದುವೆಯ ವಿಡಿಯೋ ಬೇರೆಯವರ ಕೈಗೆ ಕೊಡುವುದೆಂದರೆ ‘ಅಣವೀರ ಫಿಲ್ಮ್ಸ್’ಗೆ ಏನು ಮರ್ಯಾದೆ ಉಳಿಯಿತು? ತಾನೇ ತೆಗೆಯುತ್ತೇನೆಂದ. ತಂಗಿಯ ಬೊಗಸೆಗೆ ಅರಳು ಹಾಕಬೇಕಾದವನು, ಬೀಗರ ಕಾಲಿಗೆ ನೀರು ಕೊಡಬೇಕಾದವನು, ಅಡುಗೆಯವನ ಜೊತೆ ಜಗಳಾಡಬೇಕಾದವನು ತಾನೇ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಮದುವೆಯಲ್ಲಿ ಎಲ್ಲರ ಕಣ್ಣು ಬಾಗಿಲ ಮೇಲಿತ್ತು. ಅಣವೀರನ ಅವ್ವ ಯಂಕಮ್ಮನ ಅಣ್ಣ, ಮಳಖೇಡದ ಜಟ್ಟೆಪ್ಪ, ಬರುತ್ತಾನೋ ಇಲ್ಲವೋ ಎಂದು. ಪ್ರೀತಿ ಹುಟ್ಟಿದ ದಿನವೇ “ಇಕಿ ನನ್ನ ಸೊಸಿ” ಎಂದು ತೊಟ್ಟಿಲ ಮುಂದೆ ನಿಂತು ಹೇಳಿದವನು ಅವನು. ಆ ಮಾತನ್ನು ಊರೆಲ್ಲ ನಂಬಿತ್ತು. ಪ್ರೀತಿ ಬೆಳೆದು, ನರ್ಸಿಂಗ್ ಓದಿ, ಮಾವನ ಮಗ ಭೀಮು ತನಗೆ ಅಣ್ಣನಿದ್ದಂತೆ ಎಂದುಬಿಟ್ಟಳು. ಅಂದಿನಿಂದ ಜಟ್ಟೆಪ್ಪ ರಾವೂರಿನ ಹೊಸ್ತಿಲು ತುಳಿದಿರಲಿಲ್ಲ. ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಬರುವುದನ್ನೂ ಬಿಟ್ಟ. ಶ್ರಾವಣ ಬಂತೆಂದರೆ ಓಣಿಯ ಹೆಂಗಸರೆಲ್ಲ ಅಣ್ಣತಮ್ಮಂದಿರ ಹಿಂದೆ ಚೀಲ ಹಿಡಿದು ತವರಿಗೆ ಹೊರಡುವಾಗ ಯಂಕಮ್ಮ ಒಳಗೆ ಸುಮ್ಮನೆ ಡಬ್ಬಿಗಳನ್ನು ತೊಳೆಯುತ್ತಿದ್ದಳು.

ಆದರೆ ಮದುವೆಗೆ ಜಟ್ಟೆಪ್ಪ ಬಂದ. ಗುಲಾಬಿ ರುಮಾಲು ಸುತ್ತಿಕೊಂಡು, ಸೀರೆಯ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು, ಯಾರನ್ನೂ ಮಾತಾಡಿಸದೆ ಮುಂದಿನ ಸಾಲಿನಲ್ಲಿ ಕುಳಿತ. ಆಯೇರಿಯ ಹೊತ್ತಿಗೆ ಎದ್ದು ಮಂಟಪ ಹತ್ತಿ ತಂಗಿಯ ಕೈಯಲ್ಲಿ ಸೀರೆಯಿಟ್ಟ. ನಮ್ಮ ಕಡೆ ಆಯೇರಿಯೆಂದರೆ ನಂಟರು ಒಬ್ಬರಿಗೊಬ್ಬರು ಸೀರೆ, ಕುಪ್ಪಸ, ಟವೆಲು ಕೊಟ್ಟು ಮರ್ಯಾದೆ ಮಾಡುವುದು; ಯಾರಿಂದ ಯಾರಿಗೆ ಎಂದು ಮೈಕಿನಲ್ಲಿ ಕೂಗುತ್ತಾರೆ. ಮದುವೆಯ ವಿಡಿಯೋವನ್ನು ಮನೆಯಲ್ಲಿ ಹಾಕಿ ನೋಡುವಾಗ ಮಂದಿ ತಾಳಿ ಕಟ್ಟುವುದನ್ನು ಓಡಿಸಿಬಿಡುತ್ತಾರೆ. ನಿಲ್ಲಿಸಿ ನಿಲ್ಲಿಸಿ ನೋಡುವುದು ಆಯೇರಿಯನ್ನು.

ಆ ಹೊತ್ತಿನಲ್ಲಿ ಅಣವೀರ ಅಲ್ಲಿರಲಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಗುಂಡಿ ಒತ್ತಿ, ಅನ್ನ ತಳ ಹಿಡಿಯಿತೆಂದು ಅಡುಗೆಮನೆಗೆ ಓಡಿದ್ದ. ಅವ್ವ ಕಣ್ಣೊರೆಸಿಕೊಂಡದ್ದನ್ನು ಆಮೇಲೆ ಬೇರೆಯವರ ಬಾಯಿಂದ ಕೇಳಿದ. ಕ್ಯಾಮೆರಾ ನೋಡಿಕೊಂಡಿರುತ್ತದೆ ಎಂದುಕೊಂಡ.

ಆಷಾಢದಲ್ಲಿ ಹಾಡು ಕೂಡಿಸಿ, ಕತ್ತರಿಸಿ ಜೋಡಿಸಿ, ಒಂದು ಪೆನ್‌ಡ್ರೈವ್ ಚಿಂಚೋಳಿಗೆ, ಒಂದು ಮಳಖೇಡಕ್ಕೆ ಕಳಿಸಿದ. ಎರಡು ದಿನ ಹೊಗಳಿಕೆಗೆ ಕಾದ. ಮೂರನೆಯ ದಿನ ಅವ್ವನ ಫೋನು ಬಡಿದುಕೊಂಡಿತು. ಅವಳಿಗೆ ಕಿವಿಗಿಟ್ಟುಕೊಂಡು ಮಾತಾಡಿ ಗೊತ್ತಿಲ್ಲ, ಸ್ಪೀಕರ್ ಹಾಕಿಯೇ ಮಾತು. ಹೀಗಾಗಿ ಮನೆಗೆಲ್ಲ ಕೇಳಿಸಿತು.

“ಯಂಕವ್ವ, ನಾ ಮದವಿಗಿ ಬಂದಿದ್ದೆನೋ ಇಲ್ಲೋ?” ಎಂದ ಜಟ್ಟೆಪ್ಪ.

“ಬಂದಿದ್ದೆಪಾ ಅಣ್ಣ. ಯಾಕ ಹಿಂಗ ಕೇಳತಿ?”

“ವಿಡಿಯೋದಾಗ ನಾ ಇಲ್ಲ. ಚಿಂಚೋಳಿ ಬೀಗರು ಅದಾರ, ಅವರ ಜೀಪಿನ ಡ್ರೈವರ್ ಅದಾನ, ಬಾಂಡೆ ತೊಳಿಯಾಕಿ ಅದಾಳ. ಓಣಿ ಮಂದಿನ ಕರದು ಕುಂದರಿಸಿ, ನೋಡ್ರಿ, ನನ್ನ ತಂಗಿಗಿ ನಾ ಎಂಥಾ ಆಯೇರಿ ಮಾಡೀನಿ ಅಂತ ಟಿವಿ ಹಚ್ಚಿದೆ. ಸೀರಿನೂ ಇಲ್ಲ, ನಾನೂ ಇಲ್ಲ.”

“ಹುಡುಗ ಬೇಕಂತ ಮಾಡಿಲ್ಲ ಅಣ್ಣ.”

“ಎಲ್ಲಾರೂ ಇದ್ದು ನಾ ಒಬ್ಬಾಂವೇ ಹೆಂಗ ಹೋದೆ? ಇರಲಿ ಬಿಡು. ಹೆಣ್ಣು ಕೊಡಲಿಲ್ಲ, ಫೋಟೋನೂ ಕೊಡಲಿಲ್ಲ. ಪಂಚಮಿಗಿ ನನ್ನ ದಾರಿ ನೋಡಬ್ಯಾಡ.”

ಫೋನು ಬಂದಾಯಿತು. ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವ ಅಪ್ಪ, ನಂಟಸ್ತನದ ಮಾತು ಬಂದಾಗ ಯಾವಾಗಲೂ ಮಾಡುವಂತೆ, ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದ. ಅಣವೀರ ಕಂಪ್ಯೂಟರ್ ಮುಂದೆ ಕುಳಿತ.

ಆದದ್ದು ಇಷ್ಟು. ಅವನು ಅಡುಗೆಮನೆಯಲ್ಲಿದ್ದಾಗ ಕ್ಯಾಮೆರಾ ಲಾಲಪ್ಪ ಹೇಳಿದಂತೆ ಅರ್ಧ ತಾಸಿಗೆ ತಾನಾಗಿಯೇ ನಿಂತಿತ್ತು. ಓಡುತ್ತಿದೆಯೆಂದು ತಿಳಿದ ಅಣವೀರ ಮರಳಿ ಬಂದು ನಿಲ್ಲಿಸಲು ಗುಂಡಿ ಒತ್ತಿದ್ದ. ಅದು ಆಗ ಶುರುವಾಯಿತು. ಕೊರಳಿಗೆ ನೇತುಹಾಕಿಕೊಂಡು ಊಟದ ಮನೆಗೆ ಹೋಗಿದ್ದ. ಹೀಗಾಗಿ ಮಾವನ ಆಯೇರಿಯ ಬದಲು ಅಣವೀರನ ಚಪ್ಪಲಿ ಊಟದ ಮನೆಯ ತನಕ ನಡೆದುಹೋಗುವ ಚಿತ್ರ ಅಚ್ಚುಕಟ್ಟಾಗಿ ದಾಖಲಾಗಿತ್ತು. ಅವನು ಅಷ್ಟು ಚೆನ್ನಾಗಿ ಫೋಕಸ್ ಮಾಡಿದ ಚಿತ್ರ ಇನ್ನೊಂದಿಲ್ಲ. ಜಟ್ಟೆಪ್ಪ ಇದ್ದದ್ದು ಒಂದೇ ಕಡೆ: ಪ್ರೀತಿಯ ಕಿವಿಯೋಲೆಯ ಹಿಂದೆ ತೇಲುವ ಒಂದು ಗುಲಾಬಿ ಮೋಡ. ಆ ದೃಶ್ಯಕ್ಕೆ ಅಣವೀರ ಕೊಳಲಿನ ಸಂಗೀತ ಬೇರೆ ಹಾಕಿದ್ದ. ಜೋಡಿಸುವಾಗ ಮಾವ ಇಲ್ಲದ್ದು ಕಣ್ಣಿಗೆ ಬೀಳಲೇ ಇಲ್ಲ, ಅಷ್ಟೂ ದಿನ ಅವನು ನೋಡುತ್ತಿದ್ದದ್ದು ರೆಪ್ಪೆಗಳನ್ನು.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಸೀರೆಗೆ ಫಾಲ್ ಹಚ್ಚಿಸಿ, ಪಂಚಮಿಗೆ ಅಣ್ಣನ ಜೊತೆ ಹೋಗುವಾಗ ಉಡಬೇಕೆಂದು ಗೂಟಕ್ಕೆ ನೇತುಹಾಕಿದ್ದಳು. ಮಾರನೆಯ ದಿನ ಅದು ಗೂಟದ ಮೇಲಿರಲಿಲ್ಲ. ಟ್ರಂಕಿನಲ್ಲಿತ್ತು.

“ಅವ್ವ, ಮತ್ತೊಮ್ಮಿ ತೆಗಿಯೋಣು,” ಎಂದ ಅಣವೀರ.

“ಏನು, ಮದವೀನಾ?”

“ಮಾವನ ಆಯೇರಿ. ಮಳಖೇಡಕ್ಕ ಹೋಗಿ ತೆಗದು, ನಡುವ ಸೇರಸತೀನಿ.”

“ಕರೀಲಾರದೆ ತವರಿಗಿ ಹೆಂಗ ಹೋಗಲೋ? ಪಂಚಮಿ ನಾಕು ದಿನಾ ಅದ. ತಾನೇ ನಡಕೊಂಡು ಬಂದಾಳ ನೋಡು ಅಂತಾರ ಮಂದಿ.”

ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಸೀರೆಯನ್ನು ಅಂಗಡಿಯ ಮಡಿಕೆಗೇ ಮಡಚಿ, ಅದೇ ಪೆಟ್ಟಿಗೆಗೆ ತುಂಬುತ್ತ, “ನಾ ತವರಿಗಿ ಹೊಂಟಿಲ್ಲ. ನಿನ್ನ ಕ್ಯಾಮೆರಾದ ಕೆಲಸಕ್ಕ ಹೊಂಟೀನಿ. ಯಾರರೆ ಕೇಳಿದ್ರ ಹಂಗೇ ಹೇಳು,” ಎಂದಳು.

ಅಣವೀರ ಶಹಾಬಾದಿಗೆ ಹೋಗಿ ಲಾಲಪ್ಪನ ಕ್ಯಾಮ್‌ಕಾರ್ಡರ್ ಕೇಳಿ ತಂದ. ಲಾಲಪ್ಪ ಕಾರಣ ಕೇಳಿದ. ಕೇಳಿ, ನಕ್ಕ. ತನ್ನ ಡಿಎಸ್‌ಎಲ್‌ಆರನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದುಕೊಂಡಿದ್ದ ಅಣವೀರ, ಹೊರಡುವಾಗ ಮನಸ್ಸಾಗದೆ ಅದನ್ನೂ ಬಗಲಿಗೆ ಹಾಕಿಕೊಂಡ. ಚಿತ್ತಾಪುರದಲ್ಲಿ ಸೇಡಂ ಬಸ್ಸು ಹತ್ತಿದಾಗ ಎರಡು ಕ್ಯಾಮೆರಾ, ಒಂದು ಸ್ಟ್ಯಾಂಡು, ಒಂದು ಸೀರೆಯ ಪೆಟ್ಟಿಗೆ ಮತ್ತು ಮಾತಾಡದ ಅವ್ವ ಅವನ ಜೊತೆಗಿದ್ದರು. ಮಳಖೇಡದ ಕಾಗಿಣಾ ಹೊಳೆ ಕಂಡ ಮೇಲೆ ಅವ್ವ ಸೆರಗು ಸರಿಮಾಡಿಕೊಂಡಳು.

ಜಟ್ಟೆಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ತಂಗಿಯನ್ನು ನೋಡಿದ, ಸೀರೆಯ ಪೆಟ್ಟಿಗೆಯನ್ನು ನೋಡಿದ, ಮುಖ ಬಿಗಿಯಿತು.

“ಸೀರಿ ವಾಪಸ್ ಕೊಡಲಾಕ ಬಂದಿ?”

“ಇಲ್ರಿ ಮಾವ, ಮತ್ತೊಮ್ಮಿ ಇಸಗೊಳ್ಳಾಕ ಬಂದಾಳ,” ಎಂದು ಅಣವೀರ ನಡುವೆ ಬಾಯಿ ಹಾಕಿದ. ಅಡುಗೆಮನೆ, ಗುಂಡಿ, ಚಪ್ಪಲಿ, ಎಲ್ಲವನ್ನೂ ಬಿಡಿಸಿ ಹೇಳಿದ. ಚಪ್ಪಲಿಯ ಮಾತಿಗೆ ಬಾಗಿಲಲ್ಲಿ ನಿಂತ ಭೀಮು ಕಿಸಕ್ಕೆಂದ. ಮಾವ ನಗಲಿಲ್ಲ. ಆದರೆ ಎದ್ದು ಒಳಗೆ ಹೋಗಿ ಗುಲಾಬಿ ರುಮಾಲು ಸುತ್ತಿಕೊಂಡು ಬಂದ.

ಪಡಸಾಲೆಯಲ್ಲಿ ಲಾಲಪ್ಪನ ಕ್ಯಾಮೆರಾ ನಿಂತಿತು. ಅಣವೀರ ಒಂದು ತುಣುಕು ತೆಗೆದು ತೋರಿಸಿದ. ಎಲ್ಲ ನಿಚ್ಚಳ. ಮಾವ, ಅವ್ವ, ಅವರ ಹಿಂದೆ ಜೋಳದ ಚೀಲ, ಭೀಮುವಿನ ಕಾರ್ಖಾನೆಯ ಹೆಲ್ಮೆಟ್ಟು, ಹಗ್ಗದ ಮೇಲೆ ಒಣಗುವ ಬನಿಯನ್ನು.

“ಇದು ನಮ್ಮ ಮನಿ ಅಂತ ಕುರುಡಗೂ ಗೊತ್ತಾಗತದ,” ಎಂದ ಜಟ್ಟೆಪ್ಪ. “ಮಂಟಪದಾಗ ಮಾಡೀನಿ ನಾನು, ಮನ್ಯಾಗಲ್ಲ. ಆ ಮಂದಿ ಮಾರಿ ಒರಸೋ ಕ್ಯಾಮೆರಾ ಎಲ್ಲದ? ತಂದಿಲ್ಲೇನು?”

ಅಣವೀರ ಬಗಲಿನಿಂದ ಡಿಎಸ್‌ಎಲ್‌ಆರ್ ತೆಗೆದ. ಅಷ್ಟು ನಾಚಿಕೆಯಲ್ಲೂ ಅವನಿಗೆ ಒಳಗೊಳಗೆ ಖುಷಿಯಾಯಿತು, ಸುಳ್ಳು ಹೇಳಬಾರದು. ಭೀಮು ಅಟ್ಟದಿಂದ ಗಣಪತಿ ಹಬ್ಬದ ದೀಪದ ಸರ ತಂದು ಜೋಳದ ಚೀಲಗಳ ಮೇಲೆ ಹರಡಿದ. ಕ್ಯಾಮೆರಾದಲ್ಲಿ ಚೀಲ ಮಾಯವಾಗಿ, ದೀಪಗಳು ದುಂಡಗೆ ಬಣ್ಣದ ಹಪ್ಪಳದಂತೆ ತೇಲಿದವು. ಚಿತ್ತಾಪುರದ ಮಂಟಪವೂ ಅಷ್ಟು ಚೆನ್ನಾಗಿರಲಿಲ್ಲ. ಆದರೂ ಈ ಸಲ ನಂಬಿಕೆ ಸಾಲದೆ ಅಣವೀರ ಲಾಲಪ್ಪನದನ್ನೂ ಪಕ್ಕದಲ್ಲಿ ಓಡಲು ಬಿಟ್ಟ. ಮೈಕಿನವನ ಕೆಲಸ ಭೀಮುವಿಗೆ.

“ಮಳಖೇಡದ ಜಟ್ಟೆಪ್ಪನವರಿಂದ ತಂಗಿ ಯಂಕಮ್ಮನವರಿಗೆ ಸೀರಿ ಕುಪ್ಪಸ,” ಎಂದು ಭೀಮು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ.

ಜಟ್ಟೆಪ್ಪ ಸೀರೆ ಹಿಡಿದು ಒಂದು ಹೆಜ್ಜೆ ಮುಂದೆ ಬಂದ. ಕ್ಯಾಮೆರಾ ಅವನನ್ನು ಬಿಟ್ಟು ದೀಪವನ್ನು ಹಿಡಿಯಿತು.

“ಮಾವ, ಇನ್ನೊಮ್ಮಿ. ಮುಂದ ಬರಬ್ಯಾಡ್ರಿ, ನಿಂತಲ್ಲೇ ಕೊಡ್ರಿ.”

“ಆಯೇರಿ ಮಾಡಾಂವ ನಿಂತಲ್ಲಿಂದ ಒಗೀತಾನೇನೋ?”

ಎರಡನೆಯ ಸಲ ಮಾವ ಸರಿಯಾಗಿ ನಿಂತ, ಅವ್ವ ಕ್ಯಾಮೆರಾ ನೋಡಿದಳು. ಮೂರನೆಯ ಸಲ ಭೀಮು ನಕ್ಕ. ಮತ್ತೆ ಶುರುಮಾಡಿದಾಗ ಯಂಕಮ್ಮ ಕೈಯನ್ನೇ ಚಾಚಲಿಲ್ಲ.

“ಕೈ ನೀಡವ್ವ,” ಎಂದ ಅಣವೀರ.

ಅವಳು ಅಣ್ಣನನ್ನೇ ನೋಡುತ್ತಿದ್ದಳು. “ಯಾಕ ಕರೀಲಾಕ ಬರಲಿಲ್ಲ ನೀನು?”

“ಶೂಟಿಂಗ್ ನಡದದ,” ಎಂದ ಜಟ್ಟೆಪ್ಪ.

“ನಡೀಲಿ. ಹುಡುಗಿ ಒಲ್ಲೆ ಅಂದಳು. ಅಕಿ ಒಲ್ಲೆ ಅಂದದ್ದಕ್ಕ ನಾ ಹೆಂಗ ನಿನ್ನ ತಂಗಿ ಅಲ್ಲದಂಗ ಆದೆ?”

ಜಟ್ಟೆಪ್ಪ ಸೀರೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದ. “ಕರೀಲಾಕ ಬರಬೇಕಂದ್ರ ಬಾಗಲಾಗ ಆ ಹುಡುಗಿ ನಿಂತಿರತದ. ತೊಟ್ಟಿಲ ಮುಂದ ಹತ್ತು ಮಂದ್ಯಾಗ ಅಂದಾಂವ ನಾನು, ನನ್ನ ಸೊಸಿ ಅಂತ. ಯಾ ಮಾರಿ ಹೊತ್ತುಕೊಂಡು ಬರಲಿ? ಸಿಟ್ಟಂತ ತಿಳದಿ ನೀನು. ಸಿಟ್ಟು ಎಷ್ಟು ದಿನಾ ಇರತದ?”

“ಮತ್ತ ಮದವಿಗಿ ಬಂದಿ.”

“ಮದವಿಗಿ ಬರಲಾರದೆ ಇರತಾರೇನ? ಬಸ್ಸಿನ್ಯಾಗ ಇಡೀ ದಾರಿ ಇಳದು ಹೋಗಬೇಕು, ಇಳದು ಹೋಗಬೇಕು ಅಂತ ಕುಂತಿದ್ದೆ. ಅದಕ್ಕೇ ನೋಡಬೇಕಾಗಿತ್ತು ನನಗ ಆ ವಿಡಿಯೋ. ಹೆಂಗ ಹತ್ತಿದೆ ಮಂಟಪ ಅಂತ ನನಗೇ ನೆನಪಿಲ್ಲ.”

ಭೀಮು ಬಾಗಿಲ ಕಡೆಯಿಂದ, “ನನ್ನ ಯಾರರೆ ಕೇಳೀರೇನು? ಅಕಿ ಸಣ್ಣಾಕಿದ್ದಾಗ ನನ್ನ ಕೈ ಕಡದಾಳ, ಇನ್ನಾ ಗುರುತದ. ನಾನೂ ಒಲ್ಲೆ ಅಂತಿದ್ದೆ,” ಎಂದ.

“ಮೈಕ್ ಹಿಡಿಯಾಂವ ಸುಮ್ಮನಿರಬೇಕು,” ಎಂದ ಜಟ್ಟೆಪ್ಪ. ಯಂಕಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಸೆರಗನ್ನು ಬಾಯಿಗೊತ್ತಿಕೊಂಡೇ ಇನ್ನೊಂದು ಕೈ ಚಾಚಿದಳು. ಜಟ್ಟೆಪ್ಪ ಸೀರೆಯಿಟ್ಟ. ಇಟ್ಟ ಕೈ ತೆಗೆಯಲು ಮರೆತ.

ಅಣವೀರ ಎರಡೂ ಕ್ಯಾಮೆರಾಗಳ ಕೆಂಪು ಚುಕ್ಕೆಯನ್ನು ನೋಡಿದ. ಎರಡೂ ಉರಿಯುತ್ತಿದ್ದವು. ಒಂದರಲ್ಲಿ ಅಣ್ಣತಂಗಿ ಬಣ್ಣದ ಬೆಳಕಿನ ನಡುವೆ ಯಾವುದೋ ಅರಮನೆಯಲ್ಲಿ ನಿಂತಂತಿದ್ದರು. ಇನ್ನೊಂದರಲ್ಲಿ ಜೋಳದ ಚೀಲದ ಮುಂದೆ, ಬನಿಯನ್ನಿನ ಕೆಳಗೆ, ಮೂಗು ಒರೆಸಿಕೊಳ್ಳುತ್ತಿದ್ದರು. ಯಾವುದನ್ನು ಮದುವೆಗೆ ಸೇರಿಸುವುದು, ಯಾವುದನ್ನು ಮನೆಯಲ್ಲಿಟ್ಟುಕೊಳ್ಳುವುದು ಎಂಬುದಕ್ಕೆ ಈ ಸಲ ಫೋನಿನಲ್ಲಿ ಯಾರನ್ನೂ ಕೇಳಬೇಕೆನಿಸಲಿಲ್ಲ.

ಉಂಡದ್ದಾಯಿತು. ಪಂಚಮಿಗೆ ಇದ್ದು ಹೋಗು ಎಂದು ಜಟ್ಟೆಪ್ಪನಾಗಲಿ, ಇರುತ್ತೇನೆ ಎಂದು ಯಂಕಮ್ಮನಾಗಲಿ ಬಾಯಿ ಬಿಡಲಿಲ್ಲ. ಅವಳು ಕ್ಯಾಮೆರಾದ ಕೆಲಸಕ್ಕೆ ಬಂದವಳು, ಕೆಲಸ ಮುಗಿಯಿತು. ಚೀಲ ಎತ್ತಿಕೊಂಡಳು. ಅಣವೀರನಿಗೆ ಎಲ್ಲಿ ತಪ್ಪಿತೆಂದೇ ತಿಳಿಯಲಿಲ್ಲ. ಬಸ್ಸು ಬಂದಾಗ ಅವರ ಹಿಂದೆಯೇ ಜಟ್ಟೆಪ್ಪನೂ ಹತ್ತಿದ.

“ಎಲ್ಲಿಗ್ರಿ ಮಾವ?”

“ಕೆಲಸದ,” ಎಂದ. ಚಿತ್ತಾಪುರದಲ್ಲಿ ಇಳಿದು ಅವರ ಜೊತೆಗೇ ಇನ್ನೊಂದು ಬಸ್ಸು ಹತ್ತಿದ. ರಾವೂರಿನಲ್ಲಿ ಇಳಿದ. ಓಣಿಯಲ್ಲಿ ಅವರಿಗಿಂತ ಸ್ವಲ್ಪ ಹಿಂದೆ, ಗುರುತಿಲ್ಲದವನಂತೆ ನಡೆದ. ತಾಯಿ ಮಗ ಒಳಗೆ ಹೋಗಿ ಚೀಲ ಇಳಿಸುವ ತನಕ ಹೊರಗೆ ನಿಂತಿದ್ದ. ಆಮೇಲೆ ಹೊಸ್ತಿಲ ಬಳಿ ಚಪ್ಪಲಿ ಬಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಕರೆದ.

“ಯಂಕವ್ವ, ಅದಿಯೇನು ಮನ್ಯಾಗ? ಪಂಚಮಿಗಿ ಕರೀಲಾಕ ಬಂದೀನಿ.”

ಪಕ್ಕದ ಮನೆಯ ಬಾಗಿಲಲ್ಲಿ ಎರಡು ತಲೆ ಕಾಣಿಸಿಕೊಂಡವು. ಯಂಕಮ್ಮ ತಂಬಿಗೆ ನೀರು ಹಿಡಿದು ಹೊರಗೆ ಬಂದಳು. “ಬಾ ಅಣ್ಣ, ಕಾಲಿಗಿ ನೀರು ತಗೋ. ಯಾವಾಗ ಬಿಟ್ಟಿ ಊರು?”

“ಈಗೇ ಬಂದೆ ನೋಡು.”

ಅಣವೀರನ ಕೈ ತಾನಾಗಿಯೇ ಕ್ಯಾಮೆರಾದ ಚೀಲಕ್ಕೆ ಹೋಯಿತು. ಕಾಲು ತೊಳೆಯುತ್ತಿದ್ದ ಜಟ್ಟೆಪ್ಪ ತಲೆ ಎತ್ತದೆಯೇ ಅಂದ: “ಅಳಿಯ, ಅದನ್ನ ಕೆಳಗಿಡು. ನಿಮ್ಮವ್ವ ಸೀರಿ ಉಟಗೊಂಡು ಬರೋದ್ರಾಗ ಒಂದು ಕಪ್ಪು ಚಹಾ ಮಾಡು. ತಿರುಗಿ ಹೋಗಲಾಕ ಬಸ್ಸು ಸಿಗಬೇಕು ನಮಗ.”